ಮೂವತ್ನಾಲ್ಕಕ್ಕೆ ಫಸ್ಟ್ ಇಯರ್

ನಮ್ಮಲ್ಲಿ ಮುಖ್ಯಮಂತ್ರಿಯಾಗುವುದಕ್ಕೆ ಗರಿಷ್ಠ ವಯೋಮಿತಿ ಇಲ್ಲ. ಮದುವೆಯಾಗುವುದಕ್ಕೂ ಇಲ್ಲ, ಮಠಾಧಿಪತಿಯಾಗುವುದಕ್ಕಂತೂ ಇಲ್ಲವೇ ಇಲ್ಲ. ಇನ್ನೊಬ್ಬರ ಹಾಸಿಗೆ ಹಾಸಿ, ಮೈ ಒರೆಸಿ, ನಾಡಿ ಹಿಡಿದು ನೋಡುವ ವಿದ್ಯೆ ಕಲಿಯುವುದಕ್ಕೆ ಮಾತ್ರ ಇದೆ. ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಎಂಬ ಮೂರು ವರ್ಷದ ಡಿಪ್ಲೊಮಾಕ್ಕೆ ಸೇರುವವರು 17 ತುಂಬಿರಬೇಕು, 35 ದಾಟಿರಬಾರದು. ಅರ್ಜಿಯಲ್ಲಿ ವಯಸ್ಸಿನ ಕಲಂ ತುಂಬುವಾಗ ನನಗೆ ಮೂವತ್ನಾಲ್ಕು. ಗುಮಾಸ್ತರು ಜನ್ಮದಿನಾಂಕದ ಮೇಲೆ ಬೆರಳಿಟ್ಟುಕೊಂಡೇ ಇನ್ನೊಂದು ಕೈಯಿಂದ ಕ್ಯಾಲ್ಕುಲೇಟರ್ ಎಳೆದುಕೊಂಡರು. ಎರಡು ಸಲ ಕಳೆದು ನೋಡಿ, 'ಕೂಡ್ತದ ಬಿಡ್ರಿ' ಅಂದರು. ಅವರ ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ಪಿಯುಸಿಯಲ್ಲಿ ನನ್ನದು ಕಲಾ ವಿಭಾಗ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವಳು. ಬಿ.ಎಸ್ಸಿ. ನರ್ಸಿಂಗ್‌ನವರು ವಿಜ್ಞಾನ ಕೇಳುತ್ತಾರೆ. ಜಿಎನ್‌ಎಂನವರು ದೊಡ್ಡ ಮನಸ್ಸಿನವರು, ಇಂಗ್ಲಿಷ್ ಒಂದು ವಿಷಯವಾಗಿದ್ದು ನೂರಕ್ಕೆ 40 ಬಂದಿದ್ದರೆ ಯಾವ ವಿಭಾಗದವರಾದರೂ ಬರಲಿ ಎನ್ನುತ್ತಾರೆ. ಅದು ಮುಗಿದ ಮೇಲೆ ಆಸೆ ಉಳಿದಿದ್ದರೆ ಪೋಸ್ಟ್ ಬೇಸಿಕ್ ಎಂಬ ಎರಡು ವರ್ಷದ ಬಿ.ಎಸ್ಸಿ. ಉಂಟು. ಸರ್ಕಾರಿ ನೌಕರಿಯ ಲೆಕ್ಕ ಮಾತ್ರ ಬೇರೆ. ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ ಒಂದಕ್ಕೂ 40 ಎಂಬುದು ರಾಜ್ಯದ ಸಾಮಾನ್ಯ ನಿಯಮ. ನಾನು ತ್ರೀ ಬಿ, ಅಂದರೆ ಹಿಂದುಳಿದ ವರ್ಗದವಳು. ಓದು ಮುಗಿಯುವ ಹೊತ್ತಿಗೆ ಮೂವತ್ತೇಳು. ಸರ್ಕಾರ ಸರಿಯಾಗಿ ಅದೇ ಹೊತ್ತಿಗೆ ಹುದ್ದೆ ಕರೆಯಬೇಕು, ನಾನು ಸರಿಯಾಗಿ ಅದೇ ಹೊತ್ತಿಗೆ ಪಾಸಾಗಿರಬೇಕು. ಸಾವಿರಾರು ಲಗ್ನಪತ್ರಿಕೆಗಳಲ್ಲಿ ಅಕ್ಷತಾರೋಪಣದ ಮುಹೂರ್ತ ಟೈಪ್ ಮಾಡಿದ ಅನುಭವದಿಂದ ಹೇಳುತ್ತೇನೆ, ಇಷ್ಟೊಂದು ಗ್ರಹ ಒಂದೇ ಮನೆಯಲ್ಲಿ ಕೂಡುವುದು ಅಪರೂಪ.

ಲಗ್ನಪತ್ರಿಕೆ ಅಂದೆನಲ್ಲ, ಅದೇ ನನ್ನ ಹಿಂದಿನ ಕಸುಬು. ನಮ್ಮೂರು ಗದಗ. ಮುದ್ರಣಕಾಶಿ ಎಂದು ಹೊಗಳಿಸಿಕೊಂಡ ಊರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಮೊಳೆ ಜೋಡಿಸುವ ಕಾಲ ಮುಗಿದಿತ್ತು. ಟ್ರೆಡಲ್ ಮಷಿನ್ನು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ನಾನು ಡಿಟಿಪಿಯವಳು. ಪೇಜ್‌ಮೇಕರ್, ಕೋರೆಲ್‌ಡ್ರಾ, ಶ್ರೀಲಿಪಿ, ನುಡಿ. ಹಗಲೆಲ್ಲ 'ಸುಖಾಗಮನ ಬಯಸುವವರು'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇನ್ನೂ ಮಾತೇ ಬಾರದ ಕೂಸಿನ ಹೆಸರಿನಲ್ಲಿ, 'ನಮ್ಮ ಕಾಕಾನ ಮದ್ವಿಗೆ ತಪ್ಪದೇ ಬರ್ರಿ'. ಮದುವೆ ಸೀಜನ್ ಮುಗಿದರೆ ಶಾಲೆಯ ರಶೀದಿ ಪುಸ್ತಕ, ಜಾತ್ರೆಯ ಕರಪತ್ರ, ನಡುನಡುವೆ ಶಿವಗಣಾರಾಧನೆಯ ಕಾರ್ಡು. 2020ರಲ್ಲಿ ಮದುವೆಗೆ ಐವತ್ತೇ ಜನ ಎಂದು ಸರ್ಕಾರ ಹೇಳಿದ್ದೇ ಐವತ್ತು ಜನಕ್ಕೆ ಕಾರ್ಡು ಯಾಕೆ ಎಂದು ಊರು ಕೇಳಿತು. ನಿರ್ಬಂಧ ಹೋಯಿತು, ಕಾರ್ಡು ಮಾತ್ರ ಪೂರಾ ತಿರುಗಿ ಬರಲಿಲ್ಲ. ಮೊಬೈಲಿನಲ್ಲಿ ವಧೂವರರು ಕುಣಿಯುವ ವಿಡಿಯೋ ಬರುತ್ತಿರುವಾಗ ಆರ್ಟ್ ಪೇಪರ್ ಯಾರಿಗೆ ಬೇಕು?

ಆಗ ಪ್ರೆಸ್ಸನ್ನು ಉಳಿಸಿದ್ದು ಆಸ್ಪತ್ರೆಗಳು. ಜನ ಮದುವೆ ಮುಂದೂಡಬಹುದು, ಜ್ವರ ಮುಂದೂಡಲಾರರು. ಓಪಿಡಿ ಚೀಟಿ, ಡಿಸ್ಚಾರ್ಜ್ ಕಾರ್ಡು, ಕೇಸ್ ಶೀಟು. ಅದರಲ್ಲೊಂದು ಟಿಪಿಆರ್ ಚಾರ್ಟ್, ಜ್ವರ, ನಾಡಿ, ಉಸಿರು ಮೂರನ್ನೂ ಹೊತ್ತುಹೊತ್ತಿಗೆ ಗುರುತು ಹಾಕುವ ಗೆರೆಹಾಳೆ. ಅದನ್ನು ಕೂಡಿಸುವುದು ಲಗ್ನಪತ್ರಿಕೆಗಿಂತ ಕಷ್ಟ. ಗೆರೆಗಳು ಒಂದಕ್ಕೊಂದು ಅಂಟಬಾರದು, ಮಾಸಲೂಬಾರದು. ನಮಗೆ ಆರ್ಡರು ಕೊಡುತ್ತಿದ್ದ ಡಾಕ್ಟರು 98.6ರ ಮೇಲೆ ಒಂದು ದಪ್ಪ ಗೆರೆ ಬೇಕು, ಕತ್ತಲಲ್ಲೂ ಕಾಣಬೇಕು ಎಂದು ಹೇಳಿಕಳಿಸಿದ್ದರು. ಎಳೆದುಕೊಟ್ಟೆ. ಯಾಕೆ ಅಂತ ಕೇಳಲಿಲ್ಲ. ಡಿಟಿಪಿಯವರು ಯಾಕೆ ಅಂತ ಕೇಳಿದರೆ ಕೆಲಸ ಸಾಗುವುದಿಲ್ಲ.

ಮುಂದೆ ನಮ್ಮ ಮಾವನವರಿಗೆ ಲಕ್ವಾ ಹೊಡೆದು ಆಸ್ಪತ್ರೆ ಸೇರಿದಾಗ, ನಡುರಾತ್ರಿ ಒಬ್ಬ ನರ್ಸ್ ಬಂದಳು. ಅವರ ಕಾಲಬುಡದಲ್ಲಿ ನೇತುಹಾಕಿದ್ದ ರಟ್ಟು ತೆಗೆದು ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಗೆರೆ ಕೂಡಿಸಿ ಹೋದಳು. ನಾನು ಎದ್ದು ನೋಡಿದೆ. ನನ್ನದೇ ಹಾಳೆ. ನಾನು ಎಳೆದ ದಪ್ಪ ಗೆರೆಯ ಮೇಲಕ್ಕೆ ಆಕೆಯ ಚುಕ್ಕಿಗಳು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದವು. ಬೆಳಗಾಗುವ ಮುಂಚೆ ಆಕೆಯೇ ಡಾಕ್ಟರನ್ನು ಎಬ್ಬಿಸಿ ಕರೆತಂದಳು. ಪಕ್ಕದಲ್ಲೇ ಕೂತು, ಕೈ ಹಿಡಿದುಕೊಂಡು, ಕಣ್ಣೀರು ಹಾಕುತ್ತಿದ್ದ ನಮಗ್ಯಾರಿಗೂ ಕಾಣದ್ದು ಆ ಹಾಳೆಯಲ್ಲಿ ಆಕೆಗೆ ಕಂಡಿತ್ತು. ಆ ಹಾಳೆ ಓದುವುದು ಕಲಿಯಬೇಕು ಅನ್ನಿಸಿತು. ಸೇವೆ, ತ್ಯಾಗ, ದೀಪ ಹಿಡಿದ ಮಹಾತಾಯಿ, ಇವ್ಯಾವುವೂ ಆಗ ತಲೆಗೆ ಬರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಮನೆಯಲ್ಲಿ ವಿಷಯ ತೆಗೆದಾಗ ನಮ್ಮ ಮನೆಯವರು ಫೀ ಎಷ್ಟು ಎಂದರು. ಮಗ ಯೂನಿಫಾರ್ಮ್ ಇರ್ತದೇನು ಎಂದ. ಇರ್ತದೆ ಎಂದ ಮೇಲೆ ಅವನಿಗೆ ನಾನು ಸಾಲಿಗೆ ಹೋಗುವುದು ನ್ಯಾಯವಾಗಿ ಕಂಡಿತು. ತಾನೊಬ್ಬನೇ ಯಾಕೆ ಹೋಗಬೇಕು? ಅತ್ತೆ ಮಾತ್ರ ಮೂಲಕ್ಕೇ ಕೈಹಾಕಿದರು. 'ಮಂದಿ ಹೇಲು-ಉಚ್ಚಿ ಬಳ್ಯಾಕ ಮೂರು ವರ್ಷ ಸಾಲಿ ಕಲೀಬೇಕೇನವಾ? ನಿಮ್ಮ ಮಾವಂದು ನಾ ಬಳದಿಲ್ಲೇನು? ಯಾವ ಸಾಲಿ ಕಲಿತಿದ್ದೆ?'

ಓಣಿಯವರು ಇದನ್ನೇ ತಿರುಗಿಸಿ ಒಳ್ಳೆಯ ಮಾತಾಗಿ ಹೇಳಿದರು. 'ನಿಮಗೇನ್ರಿ, ಮಗನ್ನ ಬೆಳಸೀರಿ, ಮಾವನ್ನ ನೋಡ್ಕೊಂಡೀರಿ. ಅರ್ಧ ನರ್ಸ್ ಆಗೇ ಆಗೀರಿ. ಆ ಸಣ್ಣ ಹುಡುಗ್ಯಾರಿಗೇನು ಗೊತ್ತಿರ್ತದ?' ಅತ್ತೆಯದು ಬೈಗುಳ, ಇವರದು ಹೊಗಳಿಕೆ. ಒಳಗಿನ ನಂಬಿಕೆ ಒಂದೇ. ಹೆಂಗಸಾಗಿ ಹುಟ್ಟಿ, ಮನೆಯಲ್ಲಿ ನಾಲ್ಕು ಜನರ ಕಾಯಿಲೆ-ಕಸಾಲೆ ನೋಡಿಕೊಂಡರೆ ಶುಶ್ರೂಷೆ ತಾನೇ ಬಂದುಬಿಡುತ್ತದೆ, ಉಳಿದದ್ದು ಸರ್ಟಿಫಿಕೇಟಿನ ಮಾತು ಎಂಬುದು. ವಯಸ್ಸಾದ ಮೇಲೆ ನರ್ಸಿಂಗ್‌ಗೆ ಸೇರುವವರ ತಲೆಯಲ್ಲಿ ಈ ನಂಬಿಕೆ ಒಂದು ಮೂಲೆಯಲ್ಲಿ ಕೂತೇ ಇರುತ್ತದೆ. ಮೊದಲ ವರ್ಷದ ನಿಜವಾದ ಪಾಠವೆಂದರೆ ಅದನ್ನು ಎಬ್ಬಿಸಿ ಹೊರಗೆ ಕಳಿಸುವುದು.

ತರಗತಿಯಲ್ಲಿ ನನ್ನ ಸುತ್ತ ಇದ್ದವರೆಲ್ಲ ಹದಿನೇಳು, ಹದಿನೆಂಟು. ಕೊಪ್ಪಳ, ಯಲಬುರ್ಗಾ, ರೋಣ, ನರಗುಂದದ ಕಡೆಯವರು. ಹೆಚ್ಚಿನವರ ಅಪ್ಪಂದಿರು ಬೇಗ ನೌಕರಿ ಸಿಗ್ತದಂತ ಎಂದು ಹೇಳಿ ಕಳಿಸಿದವರು. ಮೊದಲ ವಾರ ಮುಗಿಯುವುದರೊಳಗೆ ನಾನು ಎಲ್ಲರಿಗೂ 'ಅಕ್ಕಾ' ಆದೆ. ಅಕ್ಕನ ಡಬ್ಬಿಯ ಮೇಲೆ ಎಲ್ಲರಿಗೂ ಹಕ್ಕು. ಹೊಟ್ಟೆನೋವಿಗೆ ಏನು ಮಾಡಬೇಕು ಎಂದು ಅಕ್ಕನನ್ನು ಕೇಳುತ್ತಾರೆ, ಹೊಟ್ಟೆಯೊಳಗೆ ಏನೇನಿದೆ ಎಂದು ಅಕ್ಕ ಅವರನ್ನು ಕೇಳುತ್ತಾಳೆ. ಅನಾಟಮಿಯಲ್ಲಿ 206 ಎಲುಬು. ಆ ಹುಡುಗಿಯರು ಸಂಜೆ ಹಾಸ್ಟೆಲಿನ ಕಟ್ಟೆ ಮೇಲೆ ಕಾಲಾಡಿಸುತ್ತ ಓದಿದರೆ ಬೆಳಿಗ್ಗೆ ತಲೆಯಲ್ಲಿರುತ್ತದೆ. ನನಗೆ ಒಂದು ಮಣಿಕಟ್ಟಿನ ಎಂಟು ಎಲುಬಿಗೇ ರಾತ್ರಿಯೆಲ್ಲ ಬೇಕು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಂದು ಕಳೆದಿರುತ್ತದೆ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಿಂದ ಬಂದವರಿಗೆ ಅದು ಎರಡು ಪಟ್ಟು ಕೆಲಸ. ಮೊದಲು ವಾಕ್ಯ ಅರ್ಥವಾಗಬೇಕು, ಆಮೇಲೆ ವಿಷಯ. ಇಲ್ಲಿ ನನಗೊಂದು ಸವಲತ್ತು ಇತ್ತು, ನಾಚಿಕೆ ಕಡಿಮೆ. ಹದಿನೇಳರ ಹುಡುಗಿಗೆ ತರಗತಿಯಲ್ಲಿ ಕೈಯೆತ್ತಿ 'ತಿಳೀಲಿಲ್ರಿ ಮ್ಯಾಡಂ' ಎನ್ನುವುದು ಪ್ರಾಣಸಂಕಟ. ಮದುವೆಮನೆಯವರ ಎದುರು ಕರಡು ಹಿಡಿದು, 'ಇದು ನಿಮ್ಮ ಎರಡನೇ ಸೊಸಿಯೋ, ಮೂರನೇ ಸೊಸಿಯೋ, ಸರಿಯಾಗಿ ಹೇಳ್ರಿ' ಎಂದು ಜಗಳವಾಡಿ ಬಂದವಳಿಗೆ ಅದರಲ್ಲೇನು ಕಷ್ಟ? ನಾನು ಕೇಳುತ್ತಿದ್ದೆ, ಮ್ಯಾಡಂ ಇನ್ನೊಮ್ಮೆ ಕನ್ನಡದಲ್ಲಿ ಹೇಳುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಪೆನ್ನುಗಳು ಓಡುತ್ತಿದ್ದವು. ಎಲುಬಿನ ಹೆಸರು ಹೇಳಿಕೊಟ್ಟ ಋಣ ಹೀಗೆ ತೀರುತ್ತಿತ್ತು.

ಮೊದಲ ಪ್ರಾಕ್ಟಿಕಲ್ ಕೈ ತೊಳೆಯುವುದು. ಮಗನಿಗೆ ಹೇಳಿದಾಗ ಅವನು ಕೇಕೆ ಹಾಕಿ ನಕ್ಕ. ಅಂಗೈಗೆ ಅಂಗೈ, ಹಿಂಗೈ ಮೇಲೆ ಅಂಗೈ, ಬೆರಳ ಸಂದಿ, ಬೆರಳ ಬೆನ್ನು, ಹೆಬ್ಬೆರಳನ್ನು ಹಿಡಿದು ತಿರುವುವುದು, ಉಗುರು ತುದಿಗಳಿಂದ ಅಂಗೈ ಉಜ್ಜುವುದು. ಸಾಬೂನು-ನೀರಿನಲ್ಲಾದರೆ ಎಲ್ಲ ಸೇರಿ 40ರಿಂದ 60 ಸೆಕೆಂಡು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಡಿಯಾರ ಇಟ್ಟು ನೋಡಿ, ಅದು ಎಷ್ಟು ದೊಡ್ಡ ಹೊತ್ತು ಎಂದು ಗೊತ್ತಾಗುತ್ತದೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ಡಾಕ್ಟರು, ಹೆಣ ಕೊಯ್ದು ಬಂದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆದು ಬನ್ನಿ ಎಂದು ಕಡ್ಡಾಯ ಮಾಡಿದ. ಬಾಣಂತಿಯರು ಸಾಯುವುದು ಎದ್ದು ಕಾಣುವಷ್ಟು ಇಳಿಯಿತು. ಆದರೂ ದೊಡ್ಡ ದೊಡ್ಡ ಡಾಕ್ಟರುಗಳು ನಮ್ಮ ಕೈ ಕೊಳಕೆಂದರೆ ಏನರ್ಥ ಎಂದು ಅವನ ಮೇಲೇ ಸಿಟ್ಟಾದರು. ಮನೆಯಲ್ಲಿ ನಾನು ಅತ್ತೆಗೆ ಕೈ ತೊಳೆಯುವ ಕ್ರಮ ತೋರಿಸಿದಾಗ ವಿಯೆನ್ನಾದ ಆ ಪ್ರಸಂಗ ನನಗೆ ಪೂರ್ತಿ ಅರ್ಥವಾಯಿತು.

ಆಮೇಲೆ ಉಸಿರು ಎಣಿಸುವುದು. ಇದರಲ್ಲೊಂದು ಕಳ್ಳತನವಿದೆ. ನಿಮ್ಮ ಉಸಿರು ಎಣಿಸುತ್ತೇನೆ ಎಂದು ರೋಗಿಗೆ ಹೇಳಿದಿರೋ, ಅವರ ಉಸಿರಿನ ಲಯವೇ ಬದಲಾಗುತ್ತದೆ. ಒಬ್ಬರು ಬಿಗಿಹಿಡಿಯುತ್ತಾರೆ, ಇನ್ನೊಬ್ಬರು ಪ್ರಾಣಾಯಾಮ ಶುರುಮಾಡುತ್ತಾರೆ. ಹಾಗಾಗಿ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸಬೇಕು. ನಾಡಿ ಮುಗಿದ ಮೇಲೂ ಬೆರಳು ತೆಗೆಯದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವರ ಮುಖಮಾಡಿಕೊಂಡು, ಕಣ್ಣಂಚಿನಲ್ಲಿ ಎದೆ ಏರಿಳಿಯುವುದನ್ನು ಎಣಿಸಬೇಕು. ಒಂದು ಏರಿಕೆ, ಒಂದು ಇಳಿಕೆ ಸೇರಿ ಒಂದು. ಪೂರಾ ಒಂದು ನಿಮಿಷ. ಆ ಒಂದು ನಿಮಿಷ ರೋಗಿ ಸುಮ್ಮನಿರುವುದಿಲ್ಲ. ತನ್ನ ಹೊಲದ ತಂಟೆ, ಸೊಸೆಯ ಗುಣ, ಪಕ್ಕದ ಮಂಚದವನ ಗೊರಕೆ ಎಲ್ಲ ಹೇಳುತ್ತಾನೆ. ಹೂಂ ಎನ್ನುತ್ತಲೇ ಹನ್ನೊಂದು, ಹನ್ನೆರಡು, ಹದಿಮೂರು. ಹೂಂ ಎನ್ನುವುದರಲ್ಲಿ ನನಗೆ ಹದಿನಾರು ವರ್ಷದ ಸಂಸಾರದ ತರಬೇತಿಯಿತ್ತು. ಎಣಿಸುವುದನ್ನು ಶಾಲೆ ಕಲಿಸಿತು.

ವಾರ್ಡಿಗೆ ಕಾಲಿಟ್ಟ ದಿನದಿಂದ ಇನ್ನೊಂದು ತಮಾಷೆ ಶುರುವಾಯಿತು. ಗುಂಪಿನಲ್ಲಿ ನಾವು ಎಂಟು ಜನ, ಒಂದೇ ಬಣ್ಣದ ಯೂನಿಫಾರ್ಮು, ಒಬ್ಬರಿಗೂ ಏನೂ ಬಾರದು. ಆದರೆ ರೋಗಿಗಳ ಕಡೆಯವರೆಲ್ಲ ಏಳು ಜನರನ್ನು ದಾಟಿ ಸೀದಾ ನನ್ನ ಹತ್ತಿರ ಬರುತ್ತಿದ್ದರು. 'ದೊಡ್ಡ ಸಿಸ್ಟರ್, ಸ್ವಲ್ಪ ಈ ರಿಪೋರ್ಟ್ ನೋಡ್ರಿ.' ನಾಲ್ಕು ಬಿಳಿಕೂದಲಿಗೆ ಇಷ್ಟು ಮರ್ಯಾದೆ ಸಿಗುತ್ತದೆಂದು ಗೊತ್ತಿದ್ದರೆ ಮೆಹಂದಿಯ ಖರ್ಚು ಉಳಿಸಬಹುದಿತ್ತು. ನನಗಿಂತ ಎಂಟು ವರ್ಷ ಚಿಕ್ಕವರಾದ ನಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಮ್ಯಾಡಂ ಪಕ್ಕದಲ್ಲೇ ನಿಂತಿರುತ್ತಿದ್ದರು. ಅವರನ್ನು ಜನ 'ಏ ಹುಡುಗಿ, ಸ್ವಲ್ಪ ಸರಿಯವಾ, ಸಿಸ್ಟರ್ ಕೂಡ ಮಾತಾಡಬೇಕು' ಎಂದದ್ದೂ ಉಂಟು. ಮ್ಯಾಡಂ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಮಾತ್ರ ನಗುವ ಮಾತಲ್ಲ. 'ಅವರು ನಿಮ್ಮ ವಯಸ್ಸು ನೋಡಿ ನಂಬ್ತಾರ. ನಿಮ್ಮ ಕೈಯಾಗ ಇನ್ನೂ ಏನೂ ಇಲ್ಲ. ಅದು ನಿಮಗ ಗೊತ್ತಿರಬೇಕು.' ಹರೆಯದವರು ಕಲಿತದ್ದನ್ನು ಜನ ನಂಬುವುದಿಲ್ಲ, ನಡುವಯಸ್ಸಿನವರು ಕಲಿಯದೇ ಇದ್ದುದನ್ನೂ ನಂಬುತ್ತಾರೆ. ಎರಡೂ ಅಪಾಯವೇ, ಎರಡನೆಯದು ಹೆಚ್ಚು.

ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ. ಒಬ್ಬ ಅಜ್ಜಿ, ರೋಣದ ಕಡೆಯವರು, ಎಡಗಡೆ ಲಕ್ವಾ. ಸ್ಪಂಜ್ ಬಾತ್ ಕೊಡಬೇಕಿತ್ತು. ನಾನೂ ಯಲಬುರ್ಗಾದ ಹುಡುಗಿಯೊಬ್ಬಳೂ ಹೋದೆವು. ಬೆಚ್ಚನೆಯ ನೀರು ತಂದು, ಪರದೆ ಎಳೆದು, ಫ್ಯಾನು ನಿಲ್ಲಿಸಿದೆವು. ಅಜ್ಜಿ ಆಡುವ ಒಂದು ಕೈಯಿಂದ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, 'ಬ್ಯಾಡ ಬಿಡ್ರವಾ, ನನ್ನ ಮಗಳು ಬರ್ತಾಳ' ಎಂದರು. ಮಗಳು ಬರುವುದು ಭಾನುವಾರ. ಅಂದು ಮಂಗಳವಾರ.

ನಾನು ಸಮಾಧಾನದ ಮಾತಿಗೆ ಬಾಯಿ ತೆರೆಯುವುದರೊಳಗೆ ಮ್ಯಾಡಂ ಬಂದು ಅಜ್ಜಿಯ ಮೈಮೇಲೆ ಒಂದು ದೊಡ್ಡ ಹೊದಿಕೆ ಹಾಸಿದರು. ಅದರ ಒಳಗಿನಿಂದಲೇ ಸೀರೆ ಸಡಿಲಿಸಿದರು. ಆಮೇಲೆ ತೋರಿಸಿಕೊಟ್ಟದ್ದು ಇದು. ಮೊದಲು ಕಣ್ಣು, ಸಾಬೂನಿಲ್ಲದೆ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸುವುದು. ಇನ್ನೊಂದು ಕಣ್ಣಿಗೆ ಬಟ್ಟೆಯ ಇನ್ನೊಂದು ಮೂಲೆ. ಆಮೇಲೆ ಮುಖ, ಕತ್ತು. ಒಂದು ತೋಳು ಹೊರಗೆ ತೆಗೆದರೆ ಉಳಿದ ಮೈಯೆಲ್ಲ ಹೊದಿಕೆಯೊಳಗೆ. ಆ ತೋಳು ಒಣಗಿ ಒಳಗೆ ಹೋದ ಮೇಲೇ ಇನ್ನೊಂದು ಹೊರಗೆ ಬರಬೇಕು. ನೀರು ಆರಿದರೆ ಬದಲಿಸಬೇಕು. ಸ್ನಾನ ಮುಗಿಯುವವರೆಗೆ ಆ ಅಜ್ಜಿ ಒಂದು ಗಳಿಗೆಯೂ ಪೂರಾ ಬೆತ್ತಲಾಗಲಿಲ್ಲ. ಅರ್ಧದಲ್ಲೆಲ್ಲೋ ಸೆರಗು ಹಿಡಿದ ಕೈ ತಾನೇ ಬಿಟ್ಟಿತು. ಮನೆಯಲ್ಲಿ ಮಾವನವರಿಗೆ ನಾವು ಮಾಡಿದ್ದರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಈ ಹೊದಿಕೆಯ ವಿದ್ಯೆ ಪ್ರೀತಿಯೊಳಗಿಂದ ತಾನಾಗಿ ಹುಟ್ಟುವಂಥದ್ದಲ್ಲ. ಯಾರೋ ಯೋಚಿಸಿ, ಕ್ರಮ ಕಟ್ಟಿ, ಒಬ್ಬರಿಂದೊಬ್ಬರಿಗೆ ಕಲಿಸಿ ದಾಟಿಸಿದ್ದು.

ಮಗ್ಗುಲಿಗೆ ಹೊರಳಿಸಿದಾಗ ನಾನು ಅಭ್ಯಾಸಬಲದಿಂದ ಅಜ್ಜಿಯ ಮುಖದ ಕಡೆ ಬಾಗಿದ್ದೆ, ನೋವಾಯಿತೇ ಎಂದು ಕೇಳುವುದಕ್ಕೆ. ಮ್ಯಾಡಂ ಅಂದರು, 'ಮುಖ ಆಕಿ ನೋಡ್ತಾಳ, ನೀವು ಬೆನ್ನು ನೋಡ್ರಿ.' ಸೊಂಟದ ಕೆಳಗೆ, ಎಲುಬು ಉಬ್ಬಿದ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಮ್ಯಾಡಂ ಅದರ ಮೇಲೆ ಬೆರಳೊತ್ತಿ ಬಿಟ್ಟರು. 'ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಮತ್ತ ಕೆಂಪಾದರ ಚಿಂತಿಲ್ಲ. ಒತ್ತಿದರೂ ಬೆಳ್ಳಗಾಗಲಿಲ್ಲ ಅಂದರ ಅಲ್ಲಿ ಹುಣ್ಣು ಶುರುವಾಗೇತಿ, ಚರ್ಮ ಒಡೀಲಿ ಬಿಡಲಿ.' ಆ ಕೆಂಪು ಬೆಳ್ಳಗಾಗಲಿಲ್ಲ. ಅಂದಿನಿಂದ ಎರಡೆರಡು ತಾಸಿಗೆ ಮಗ್ಗುಲು ಬದಲಿಸುವುದು, ಯಾವ ಹೊತ್ತಿಗೆ ಯಾವ ಮಗ್ಗುಲು ಎಂದು ಬರೆದಿಡುವುದು. ಯಲಬುರ್ಗಾದ ಹುಡುಗಿ ಗಡಿಯಾರ ನೋಡಿಕೊಂಡು ಓಡಿ ಬರುತ್ತಿದ್ದಳು. ಅವಳಿಗೆ ತೋಳಬಲವಿತ್ತು, ನನಗೆ ಅಜ್ಜಿಯನ್ನು ಮಾತಿಗೆ ಹಚ್ಚುವ ಬಾಯಿಬಲವಿತ್ತು. ಇಬ್ಬರೂ ಸೇರಿ ಹಾಸಿಗೆಯ ಚಾದರವನ್ನೂ ಬದಲಿಸಿದೆವು, ಅಜ್ಜಿಯನ್ನು ಕೆಳಗಿಳಿಸದೆ. ಹಳೆಯದನ್ನು ಉದ್ದಕ್ಕೆ ಸುರುಳಿ ಸುತ್ತಿ ಬೆನ್ನಿಗೆ ಒತ್ತರಿಸುವುದು, ಹೊಸದರ ಅರ್ಧ ಹಾಸಿ ಉಳಿದರ್ಧವನ್ನೂ ಅಲ್ಲೇ ಸುತ್ತಿಡುವುದು, ಆ ಎರಡು ಸುರುಳಿಯ ಮೇಲೆ ಅಜ್ಜಿಯನ್ನು ಈ ಕಡೆಗೆ ಹೊರಳಿಸಿಕೊಳ್ಳುವುದು, ಆ ಕಡೆಯಿಂದ ಹಳೆಯದನ್ನು ಎಳೆದು ಹೊಸದನ್ನು ಬಿಡಿಸುವುದು. ಚಾದರದಲ್ಲಿ ಒಂದು ಸುಕ್ಕು ಉಳಿಯಬಾರದು. ಒಂದೇ ಮಗ್ಗುಲಲ್ಲಿ ಮಲಗಿದವರ ಚರ್ಮಕ್ಕೆ ಸುಕ್ಕೂ ಒಂದು ಗಾಯವೇ.

ಇಷ್ಟೆಲ್ಲ ಮಾಡಿದ ಮೇಲೆ ಬರೆಯುವುದು. ಬರೆಯದಿದ್ದರೆ ಮಾಡಿದಂತೆಯೇ ಅಲ್ಲ ಎನ್ನುವುದು ನರ್ಸಿಂಗಿನವರ ಗಾದೆ. ಈ ವಿಷಯದಲ್ಲಿ ಮಾತ್ರ ನಾನು ಮೊದಲ ದಿನದಿಂದಲೇ ಮುಂದೆ. ಗುಳಿಗೆ ಕೊಡುವಾಗ ಲೇಬಲ್ಲನ್ನು ಮೂರು ಸಲ ಓದಬೇಕು. ಕಪಾಟಿನಿಂದ ತೆಗೆಯುವಾಗ ಒಮ್ಮೆ, ಕೈಗೆ ಹಾಕಿಕೊಳ್ಳುವ ಮುಂಚೆ ಒಮ್ಮೆ, ತಿರುಗಿ ಇಡುವಾಗ ಒಮ್ಮೆ. ರೋಗಿ ಅವರೇ ಹೌದೇ, ಔಷಧ ಅದೇ ಹೌದೇ, ಪ್ರಮಾಣ, ಕೊಡುವ ದಾರಿ, ಹೊತ್ತು. ಹುಡುಗಿಯರಿಗೆ ಇದು ಬೇಸರ, ಒಮ್ಮೆ ಓದಿದರೆ ಸಾಲದೇ ಎನ್ನುತ್ತಾರೆ. ಪ್ರೆಸ್ಸಿನಲ್ಲಿ ಮೂರು ಕರಡು ನೋಡಿದ ಕಣ್ಣಿಗೆ ಗೊತ್ತು, ಮೊದಲ ಸಲ ನಾವು ಹಾಳೆಯ ಮೇಲಿರುವುದನ್ನು ಓದುವುದೇ ಇಲ್ಲ, ಇರಬೇಕಾದ್ದನ್ನು ಓದುತ್ತೇವೆ. ಅಲ್ಲಿ ವರನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಬೀಗರಲ್ಲಿ ಜಗಳವಾಗುತ್ತಿತ್ತು. ಇಲ್ಲಿ ಒಂದು ಸೊನ್ನೆ ಹೆಚ್ಚಾದರೆ ಜಗಳವಾಡುವುದಕ್ಕೆ ರೋಗಿ ಉಳಿದಿರುವುದಿಲ್ಲ.

ನೈಟಿಂಗೇಲ್ ಬಗ್ಗೆ ನನಗೆ ಗೌರವ ಬಂದದ್ದೂ ಇದೇ ದಾರಿಯಿಂದ. ಶಾಲೆಯ ಗೋಡೆಯ ಮೇಲೆ ಆಕೆ ದೀಪ ಹಿಡಿದು ನಿಂತಿದ್ದಾಳೆ. ಮೇ 12, ಆಕೆ ಹುಟ್ಟಿದ ದಿನ, ನಾವೂ ಮೇಣದಬತ್ತಿ ಹಿಡಿಯುತ್ತೇವೆ. ಪಠ್ಯದಲ್ಲಿ ಓದಿದರೆ ದೀಪಕ್ಕಿಂತ ದೊಡ್ಡ ವಿಷಯಗಳಿವೆ. ಹುಟ್ಟಿದ್ದು 1820, ಮನೆಯವರ ವಿರೋಧ ಕಟ್ಟಿಕೊಂಡು ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿಗೆ ಕೂತಿದ್ದು 1851. ಮೂವತ್ತೊಂದಕ್ಕೆ ಫಸ್ಟ್ ಇಯರ್! ಅದೂ ಕೆಲವೇ ತಿಂಗಳ ತರಬೇತಿ. ಮೂರು ವರ್ಷದ ನಂತರ ಕ್ರಿಮಿಯಾ ಯುದ್ಧದ ಸೈನಿಕರ ಆಸ್ಪತ್ರೆಗೆ ಹೋದಳು. ಅಲ್ಲಿಂದ ಬಂದ ಮೇಲೆ ಆಕೆ ಬರೀ ಕರುಣೆಯ ಮಾತಾಡುತ್ತ ಕೂರಲಿಲ್ಲ, ಕೋಷ್ಟಕ ಮಾಡಿದಳು. ಗಾಯದಿಂದ ಎಷ್ಟು ಜನ ಸತ್ತರು, ತಡೆಯಬಹುದಾಗಿದ್ದ ರೋಗದಿಂದ ಎಷ್ಟು ಜನ ಸತ್ತರು ಎಂದು ತಿಂಗಳವಾರು ಲೆಕ್ಕ ಹಾಕಿ, ಬಣ್ಣದ ಚಿತ್ರ ಬರೆದು ಸರ್ಕಾರದ ಮುಂದೆ ಹಿಡಿದಳು. ರೋಗದ ಪಾಲೇ ದೊಡ್ಡದಿತ್ತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು. ನನ್ನನ್ನು ಕೇಳಿದರೆ ಗೋಡೆಯ ಚಿತ್ರದಲ್ಲಿ ಆಕೆಯ ಕೈಗೆ ದೀಪದ ಜೊತೆ ಒಂದು ಸ್ಕೇಲೂ ಪೆನ್ಸಿಲ್ಲೂ ಕೊಡಬೇಕು.

ನಮ್ಮ ಕಡೆಗೂ ಈ ಎರಡು ಕಸುಬು ಹೆಚ್ಚುಕಡಿಮೆ ಒಂದೇ ಕೈಯಿಂದ ಬಂದವು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಹಾಕಿದ್ದು ಬಾಸೆಲ್ ಮಿಷನ್ನಿನವರು. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್ ಕೂಡ ಅದೇ ಮಿಷನ್ನಿನವರು. ನಮ್ಮ ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದವರೂ ಅವರೇ, ಹಳೆಯ ಜನ ಅದನ್ನು ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. ಕಸುಬು ಬದಲಿಸಿದಳು ಎಂದು ನನ್ನನ್ನು ಬೈಯುವವರಿಗೆ ಈ ಇತಿಹಾಸ ಹೇಳುತ್ತೇನೆ. ನಾನು ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗಿದ್ದೇನೆ, ಅಷ್ಟೆ.

ಅತ್ತೆಯ ಅಭಿಪ್ರಾಯ ಬದಲಾಯಿತೇ ಎಂದು ಕೇಳಬೇಡಿ. ಅವರ ಪ್ರಕಾರ ಮೂರು ವರ್ಷ ಈಗಲೂ ಹೆಚ್ಚೇ. ಆದರೆ ಸಂಜೆ ಕಟ್ಟೆಗೆ ಬರುವ ಗೆಳತಿಯರನ್ನು ಒಬ್ಬೊಬ್ಬರಾಗಿ ಕರೆತಂದು, 'ನಮ್ಮ ಸೊಸಿ ಬಿಪಿ ನೋಡ್ತಾಳ, ಕೂಡ್ರಿ' ಎಂದು ಕೂರಿಸುತ್ತಾರೆ. ನಾನು ಪಟ್ಟಿ ಕಟ್ಟಿ, ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡಾಗ, 'ಈಗ ಯಾರೂ ಮಾತಾಡಬ್ಯಾಡ್ರಿ' ಎಂದು ತಾವೇ ಗದರುತ್ತಾರೆ. 150 ಬಂದರೆ ನಾನು ದವಾಖಾನೆಗೆ ತೋರಿಸ್ರಿ ಎನ್ನುತ್ತೇನೆ. ಅತ್ತೆ ಉಪ್ಪಿನಕಾಯಿ ಬಿಡು ಎನ್ನುತ್ತಾರೆ, ತಮ್ಮ ಊಟದಲ್ಲಿ ಎರಡು ಹೋಳು ಇಟ್ಟುಕೊಂಡೇ. ಮಗನಿಗಂತೂ ಕಸದ ಬಣ್ಣಗಳ ಹುಚ್ಚು ಹಿಡಿದಿದೆ. ಆಸ್ಪತ್ರೆಯಲ್ಲಿ ರಕ್ತ ಹತ್ತಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ನಳಿಗೆ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ ಎಂದು ನಾನು ಪರೀಕ್ಷೆಗೆ ಉರು ಹೊಡೆಯುವುದನ್ನು ಕೇಳಿ ಕೇಳಿ, ಮನೆಯ ಒಂದೇ ಬಕೆಟ್ಟಿನ ಮುಂದೆ ನಿಂತು ಬಾಳೆಹಣ್ಣಿನ ಸಿಪ್ಪೆ ಯಾವ ಬಣ್ಣ ಎಂದು ಕೇಳುತ್ತಾನೆ.

ಈಗೀಗ ಪ್ರೆಸ್ಸಿನ ಓಣಿಯ ಹೆಂಗಸರು ವಿಚಾರಿಸಲು ಬರುತ್ತಾರೆ. ಬೈಂಡಿಂಗ್ ಮಾಡುವವರು, ಗಾರ್ಮೆಂಟ್‌ಗೆ ಹೋಗುವವರು, ಅತಿಥಿ ಶಿಕ್ಷಕಿಯೊಬ್ಬರು. ನಾನು ಹೇಳುವುದು ಇಷ್ಟೇ. ಸೇರುವ ಮುಂಚೆ ಶಾಲೆಗೆ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ನೋಡ್ರಿ. ಕಲಿಯುವುದಕ್ಕೆ ನಿಜವಾದ ರೋಗಿಗಳಿರುವ ಆಸ್ಪತ್ರೆ ಇದೆಯೇ ನೋಡ್ರಿ, ಬರೀ ಬೋರ್ಡು ನೋಡಬ್ಯಾಡ್ರಿ. ಮನೆಯಲ್ಲಿ ಎಲ್ಲರನ್ನೂ ಚೆನ್ನಾಗಿ ನೋಡಿಕೊಂಡೆ, ನನಗಿದು ಬಂದೇ ಬರುತ್ತದೆ ಎಂದುಕೊಂಡು ಬರುವುದಾದರೆ ಆ ಮಾತನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರ್ರಿ. ನಮ್ಮವರನ್ನು ನೋಡಿಕೊಳ್ಳುವುದಕ್ಕೆ ಮನಸ್ಸಿದ್ದರೆ ಸಾಕು. ಗುರುತು-ಪರಿಚಯ ಇಲ್ಲದವರನ್ನು, ಬೈಯುವವರನ್ನು, ಕುಡಿದು ಬಿದ್ದು ಬಂದವರನ್ನು, ನಡುರಾತ್ರಿಯ ಮೂರನೆಯ ಕರೆಗೆ ಎದ್ದು, ಮೊದಲನೆಯವರಿಗೆ ಕೊಟ್ಟಷ್ಟೇ ಗಮನ ಕೊಟ್ಟು ನೋಡುವುದಕ್ಕೆ ಮನಸ್ಸು ಸಾಲುವುದಿಲ್ಲ. ಮನಸ್ಸು ದಣಿದ ಮೇಲೂ ಕೈ ತಪ್ಪದಿರುವುದಕ್ಕೆ ಕ್ರಮ ಬೇಕು. ಮೂರು ವರ್ಷ ಅದಕ್ಕೆ.

ಮೊನ್ನೆ ಬಂದ ಬೈಂಡಿಂಗ್ ಹೆಣ್ಣುಮಗಳು ಇದನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡು ಕಡೆಗೆ, 'ಓದು ಭಾಳ ಕಷ್ಟೇನ್ರಿ ಅಕ್ಕಾರ?' ಎಂದಳು.

'ಓದು ಹೆಂಗರ ಆಗ್ತದ, ಹಾದಿಗೊಬ್ಬರು ಹೇಳಿಕೊಡೋರು ಸಿಗ್ತಾರ' ಎಂದೆ. 'ಕಷ್ಟ ಅಂದರ ನಿಂದ್ರೂದು. ನೀ ಇಷ್ಟು ವರ್ಷ ಕುಂತು ಹೊಲದಾಕಿ. ಫೀ ಕಟ್ಟೂಕ್ಕಿಂತ ಮೊದಲ ಒಂದು ಜೋಡಿ ಚಲೋ ಬೂಟು ತಗೋ. ರೊಕ್ಕದ ಮುಖ ನೋಡಬ್ಯಾಡ.'